ಸಿಟ್ಟಿಗೆ ಸಂಬಳ ಕೊಟ್ಟವರು

2025ರ ಆಗಸ್ಟ್‌ನ ಟಿವಿ ಗಲಾಟೆ ನಿಮಗೂ ನೆನಪಿರಬಹುದು. ಉಪರಾಷ್ಟ್ರಪತಿ ಚುನಾವಣೆಗೆ ವಿರೋಧ ಪಕ್ಷಗಳು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನಿಲ್ಲಿಸಿದ್ದವು. ಈ ಮನುಷ್ಯ 2011ರಲ್ಲಿ ಸಾಲ್ವಾ ಜುಡುಂ ತೀರ್ಪು ಕೊಡದೇ ಇದ್ದಿದ್ದರೆ 2020ಕ್ಕೂ ಮೊದಲೇ ನಕ್ಸಲರ ಕಥೆ ಮುಗಿಯುತ್ತಿತ್ತು ಎಂಬರ್ಥದಲ್ಲಿ ಗೃಹ ಸಚಿವ ಅಮಿತ್ ಶಾ ಮಾತಾಡಿದರು. ಸಾಲ್ವಾ ಜುಡುಂ ಅಂದರೆ ಛತ್ತೀಸ್‌ಗಢದ ಬಸ್ತರ್‌ನಲ್ಲಿ ನಕ್ಸಲರ ವಿರುದ್ಧ ಆದಿವಾಸಿಗಳ ಕೈಗೇ ಬಂದೂಕು ಕೊಟ್ಟು ಕಟ್ಟಿದ ಪಡೆ. ಆ ಬಂದೂಕುಗಳನ್ನು ವಾಪಸ್ ತೆಗೆದುಕೊಳ್ಳಿ ಅಂದದ್ದು ಆ ತೀರ್ಪು. ಅದು ನನ್ನ ತೀರ್ಪಲ್ಲ, ಸುಪ್ರೀಂ ಕೋರ್ಟಿನ ತೀರ್ಪು, ಮೊದಲು ಓದಿ ನೋಡಲಿ ಎಂದು ರೆಡ್ಡಿಯವರು ಹೇಳಿದರು. ಓದೋಕೆ ಯಾರಿಗೆ ಪುರುಸೊತ್ತಿದೆ? ಚಾನೆಲ್‌ಗಳಲ್ಲಿ ವಾರಗಟ್ಟಲೆ ಕೂಗಾಟ ನಡೆಯಿತು. ಆ ಕೂಗಾಟದಲ್ಲಿ ಒಂದು ಮಾತು ಮಾತ್ರ ಎಲ್ಲರೂ ಒಪ್ಪಿಕೊಂಡವರ ಹಾಗೆ ಸಲೀಸಾಗಿ ಬಂದುಹೋಗುತ್ತಿತ್ತು. ಬಸ್ತರ್‌ನ ಆದಿವಾಸಿಗಳು ನಕ್ಸಲರ ಕಾಟ ತಾಳಲಾರದೆ ತಾವಾಗಿಯೇ ಎದ್ದು ನಿಂತಿದ್ದರು, ಸರ್ಕಾರ ಅವರ ಬೆನ್ನಿಗೆ ನಿಂತಿತ್ತು ಅಷ್ಟೇ, ಅನ್ನೋ ಮಾತು.

ನನಗೆ ಕಿರಿಕಿರಿ ಆಗೋದು ಇಲ್ಲೇ. ತಿಂಗಳಿಗೆ 1,500 ರೂಪಾಯಿ. ಜುಡುಂ ಪಡೆಗೆ ಸೇರಿಸಿಕೊಂಡ ಆದಿವಾಸಿ ಹುಡುಗರಿಗೆ ಶುರುವಿನಲ್ಲಿ ಸಿಗುತ್ತಿದ್ದ ಗೌರವಧನ ಅದು. 2011ರ ತೀರ್ಪಿನ ಹೊತ್ತಿಗೆ 3,000 ಆಗಿತ್ತು. ಎಸ್‌ಪಿಓ, ಅಂದರೆ ವಿಶೇಷ ಪೊಲೀಸ್ ಅಧಿಕಾರಿ, ಅಂತ ಹೆಸರು. ನೇಮಕ ಮಾಡೋದು ಜಿಲ್ಲೆಯ ಎಸ್‌ಪಿ. ಗೌರವಧನದ ಹಣ ತುಂಬಿಕೊಡೋದು ದೆಹಲಿ. ಎಷ್ಟು ಜನರನ್ನು ತೆಗೆದುಕೊಳ್ಳಬಹುದು ಅನ್ನೋ ಮಿತಿಗೂ ದೆಹಲಿಯದೇ ಒಪ್ಪಿಗೆ. ಜನರ ಸಿಟ್ಟು ಅಂತ ನಾವು ಕರೆಯೋದಕ್ಕೆ ಇಷ್ಟೊಂದು ಕಾಗದಪತ್ರ ಇರುತ್ತಾ? ಸಿಟ್ಟು ಬಂದವನು ಹಾಜರಿ ಹಾಕಿ ಸಂಬಳಕ್ಕೆ ಕಾಯುತ್ತಾನಾ?

ಹಾಗಂತ ಆ ಸಿಟ್ಟೇ ಸುಳ್ಳು ಅಂತಲ್ಲ. 2005ರ ಬೇಸಿಗೆಯಲ್ಲಿ ಬಿಜಾಪುರದ ಕುಟ್ರು ಸುತ್ತಮುತ್ತಲ ಹಳ್ಳಿಗಳಲ್ಲಿ ನಕ್ಸಲರ ಮೇಲೆ ನಿಜಕ್ಕೂ ಬೇಸರವಿತ್ತು. (ಇದು ಛತ್ತೀಸ್‌ಗಢದ ಬಿಜಾಪುರ. ನಮ್ಮ ವಿಜಯಪುರ ಅಲ್ಲ. ಈ ವಿಷಯ ಎತ್ತಿದಾಗೆಲ್ಲ ಯಾರಾದರೂ ಒಬ್ಬರು ಗೋಳಗುಮ್ಮಟದ ಕಡೆ ಹೋಗೇ ಹೋಗುತ್ತಾರೆ.) ಬೀಡಿ ಎಲೆ ಕೀಳಬೇಡಿ ಅನ್ನೋ ಕಟ್ಟಪ್ಪಣೆ, ಊರ ಹಿರಿಯರ ಮಾತಿಗೆ ಬೆಲೆ ಇಲ್ಲದಂತೆ ಆದದ್ದು, ಪೊಲೀಸ್ ಮಾಹಿತಿದಾರ ಅಂತ ಅನುಮಾನ ಬಂದವನನ್ನು ಜನರ ಮುಂದೆ ವಿಚಾರಣೆ ಮಾಡಿ ಕೊಲ್ಲೋದು, ಇದನ್ನೆಲ್ಲ ಸಹಿಸಿಕೊಂಡ ಜನ ಸಭೆ ಸೇರಿದ್ದು ನಿಜ. ಆದರೆ ಸಭೆ ಸೇರೋದಕ್ಕೂ ಪಕ್ಕದೂರಿಗೆ ಬೆಂಕಿ ಹಚ್ಚೋದಕ್ಕೂ ನಡುವೆ ಬಹಳ ದೂರ ಇದೆ. ಆ ದೂರವನ್ನು ಜನ ಒಬ್ಬರೇ ನಡೆಯಲಿಲ್ಲ. ಮುಂದೆ ಮಹೇಂದ್ರ ಕರ್ಮ ಇದ್ದರು. ಅವರೇ ಆದಿವಾಸಿ, ಕಾಂಗ್ರೆಸ್ಸಿನವರು, ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕ. 1990ರ ದಶಕದ ಶುರುವಿನಲ್ಲೇ ಜನ ಜಾಗರಣ ಅಭಿಯಾನ ಅಂತ ಇದೇ ಥರದ್ದೊಂದನ್ನು ನಡೆಸಿದ್ದವರು. ಹಿಂದೆ ರಮಣ್ ಸಿಂಗ್ ಅವರ ಬಿಜೆಪಿ ಸರ್ಕಾರ. ಆಳುವ ಪಕ್ಷವೂ ವಿರೋಧ ಪಕ್ಷವೂ ಒಂದೇ ಕಡೆ ನಿಂತ ಮೇಲೆ ಕೇಳೋರು ಯಾರು?

ಆಮೇಲೆ ಆದದ್ದು ಸುಮಾರಾಗಿ ಎಲ್ಲರಿಗೂ ಗೊತ್ತು. ಊರೂರಿಗೆ ಮೆರವಣಿಗೆ ಹೋಗೋದು, ಜೊತೆಯಲ್ಲಿ ಪೊಲೀಸರು, ಅರೆಸೇನಾಪಡೆಯವರು. ಬಂದು ನಮ್ಮ ಜೊತೆ ಸೇರಿ, ಇಲ್ಲದಿದ್ದರೆ ನೀವು ನಕ್ಸಲರು. ಮನೆ ಸುಡೋದು, ಭತ್ತ ಸುಡೋದು, ಕೊಲೆ, ಅತ್ಯಾಚಾರ. 600ಕ್ಕೂ ಹೆಚ್ಚು ಹಳ್ಳಿಗಳು ಖಾಲಿಯಾದವು. ದೋರ್ನಪಾಲ್, ಕೋಂಟಾ, ಭೈರಮ್‌ಗಢ್ ಅಂತ ರಸ್ತೆ ಬದಿಯ ಶಿಬಿರಗಳಲ್ಲಿ ಹತ್ತಿರ ಹತ್ತಿರ 50,000 ಜನರನ್ನು ತುಂಬಿದರು. ಇನ್ನೂ ಹತ್ತಾರು ಸಾವಿರ ಜನ ಗಡಿ ದಾಟಿ ಆಗಿನ ಆಂಧ್ರದ ಖಮ್ಮಂ ಕಾಡುಗಳಿಗೆ ಓಡಿದರು. ಉಳಿದವರು ಕಾಡಿನ ಒಳಕ್ಕೆ, ಅಂದರೆ ನಕ್ಸಲರ ಹತ್ತಿರಕ್ಕೇ ಹೋದರು. ನಕ್ಸಲರನ್ನು ಮುಗಿಸೋಕೆ ಅಂತ ಶುರುವಾದದ್ದು ಮೊದಲು ಮಾಡಿದ ಕೆಲಸ ಇದು.

ಮುಂದೆ ನಡೆಯುವ ಹುಡುಗ

ನಮ್ಮ ಚಿಕ್ಕಪ್ಪನ ಮಗ ಸಿಆರ್‌ಪಿಎಫ್‌ನಲ್ಲಿದ್ದಾನೆ. ಗೋಕಾಕ, ಬೈಲಹೊಂಗಲ ಕಡೆಯ ಊರುಗಳಲ್ಲಿ ಇದೇನೂ ವಿಶೇಷ ಅಲ್ಲ. ಓಣಿಗೊಬ್ಬ ಸೈನ್ಯದಲ್ಲೋ ಅರೆಸೇನಾಪಡೆಯಲ್ಲೋ ಇರುತ್ತಾನೆ. ಅವನು ಸುಕ್ಮಾ ಭಾಗದಲ್ಲಿ ಡ್ಯೂಟಿ ಮಾಡುತ್ತಿದ್ದ ವರ್ಷಗಳಲ್ಲಿ ಒಮ್ಮೆ ಊರ ಜಾತ್ರೆಗೆ ರಜೆ ಹಾಕಿ ಬಂದಿದ್ದ. ರಾತ್ರಿ ಊಟ ಆದಮೇಲೆ ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಾ ಮಾತಾಡಿದೆವು. ಚಿಂತಲ್ನಾರ್ ಹತ್ತಿರ ನಕ್ಸಲರ ದಾಳಿಯಲ್ಲಿ 76 ಜವಾನರು ಸತ್ತ ಘಟನೆ ಆಗಷ್ಟೇ ಆಗಿತ್ತು, 2010ರ ಏಪ್ರಿಲ್‌ನಲ್ಲಿ. ಹಾಗಾಗಿ ಮನೆಯಲ್ಲಿ ಯಾರೂ ಅವನ ಎದುರು ಆ ಮಾತು ಎತ್ತುತ್ತಿರಲಿಲ್ಲ. ಅವನೇ ಎತ್ತಿದ. ಸತ್ತವರ ಬಗ್ಗೆ ಹೇಳಲಿಲ್ಲ. ಛೋಟೂ ಅನ್ನೋ ಎಸ್‌ಪಿಓ ಹುಡುಗನ ಬಗ್ಗೆ ಹೇಳಿದ. ಅದು ಅವನ ಸಿಆರ್‌ಪಿಎಫ್ ಕಂಪನಿಯವರು ಇಟ್ಟ ಹೆಸರು.

"ಕಾಡಿನ್ಯಾಗ ನಮಗೇನ ಗೊತ್ತಾಗತೈತಿ ಅಕ್ಕಾ? ಅಂವಾ ಮುಂದ ನಡೀತಿದ್ದ. ಅಂವಾ ಎಲ್ಲಿ ಹೆಜ್ಜಿ ಇಡತಾನೋ ಅಲ್ಲೇ ನಾವೂ ಇಡೋದು. ನೆಲದಾಗ ಏನ ಹುಗದಿದ್ರೂ ಮೊದಲ ಸಿಗೋದು ಅಂವಗ."

ವಯಸ್ಸೆಷ್ಟೋ ಅಂತ ಕೇಳಿದೆ. "ಕಾಗದದಾಗ ಹದಿನೆಂಟ ಅಂತ ಐತಿ. ನೋಡಿದ್ರ ನಿನ್ನ ಸಾಲಿ ಹುಡುಗೂರಕಿಂತ ಸಣ್ಣಾಂವ." ನಾನು ಆಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನ ಹುಡುಗರು ಕಣ್ಣ ಮುಂದೆ ಬಂದರು. ಅವರ ಕೈಗೆ ತ್ರೀ ನಾಟ್ ತ್ರೀ ಬಂದೂಕು ಕೊಟ್ಟು ನೋಡಿದೆ, ಮನಸ್ಸಿನಲ್ಲೇ.

ಛೋಟೂವಿನ ಊರು ಕ್ಯಾಂಪಿನಿಂದ ತುಂಬ ದೂರ ಇರಲಿಲ್ಲವಂತೆ. ಗುಡ್ಡ ದಾಟಿದರೆ ಊರು. ಅಮ್ಮ ಅಲ್ಲೇ ಇದ್ದಳು. ಶಿಬಿರಕ್ಕೆ ಬರಲ್ಲ ಅಂದವಳು. ಇವನು ಅಲ್ಲಿಗೆ ಹೋಗುವ ಹಾಗಿಲ್ಲ. "ಹ್ವಾದ್ರ ಮುಗೀತ. ಅವನ ದೋಸ್ತರಾಗಿದ್ದವ್ರೇ ದಾದಾಗಳ ಕಡೆ ಅದಾರ. ಇಂವಾ ಎಷ್ಟ ಮಂದೀನ್ನ ತೋರಿಸ್ಯಾನ ಅಂತ ಎಲ್ಲಾರಿಗೂ ಗೊತ್ತ." ದಾದಾಗಳು ಅಂದರೆ ನಕ್ಸಲರು. ತೋರಿಸೋದು ಅಂದರೆ ಇವನು ನಕ್ಸಲ, ಇವಳು ಅವರಿಗೆ ಅನ್ನ ಹಾಕುವವಳು ಅಂತ ಬೆರಳು ಮಾಡೋದು. ನನ್ನ ತಮ್ಮನಿಗೆ ಛೋಟೂ ಮೇಲೆ ಪ್ರೀತಿ ಇತ್ತು. ಅದರಲ್ಲಿ ಅನುಮಾನವೇ ಇಲ್ಲ. ಅವನಿಲ್ಲದಿದ್ದರೆ ತಾನು ಆ ಜಾತ್ರೆಗೆ ಬಂದಿರುತ್ತಿರಲಿಲ್ಲ ಅಂತ ಹೇಳಿದ. ಊರು ಸುಡೋಕೆ ಹೋದವರಲ್ಲಿ ಅವನೂ ಇದ್ದನಾ ಅಂತ ಕೇಳಿದೆ. "ಅದನ್ನ ಕೇಳಬ್ಯಾಡ," ಅಂದ. ಚಿಕ್ಕಮ್ಮ ಒಳಗಿನಿಂದ, ಹಬ್ಬದಾಗ ಬ್ಯಾರೆ ಮಾತ ಆಡ್ರಿ ಅಂತ ಕೂಗಿದರು. ಬೇರೆ ಮಾತಾಡಿದೆವು.

ಆ ರಾತ್ರಿಯಿಂದ ನಾನು ಈ ವಿಷಯವನ್ನು ಬೇರೆ ಥರ ನೋಡಲು ಶುರು ಮಾಡಿದೆ. ಇಂಥ ಪಡೆಗಳನ್ನು ಯಾಕೆ ಕಟ್ಟುತ್ತಾರೆ ಅಂದರೆ ಸಾಮಾನ್ಯವಾಗಿ ಹೇಳೋ ಕಾರಣಗಳು ಎರಡು. ಕಾಡಿನ ದಾರಿ, ಭಾಷೆ, ಮುಖ ಅವರಿಗೆ ಗೊತ್ತು, ಇದೊಂದು. ಕೊಲೆ ಆದಾಗ ಸರ್ಕಾರ ಕೈ ತೊಳೆದುಕೊಳ್ಳಬಹುದು, ಇದು ಇನ್ನೊಂದು. ಎರಡೂ ಸರಿಯೇ. ಆದರೆ ಛೋಟೂವಿನ ಕಥೆಯಲ್ಲಿ ಇನ್ನೂ ಒಂದಿದೆ. ಒಬ್ಬ ಹುಡುಗ ತನ್ನೂರಿನವರ ಕಡೆಗೆ ಒಂದು ಸಲ ಬೆರಳು ಮಾಡಿದ ಮೇಲೆ ಅವನಿಗೆ ಮನೆ ಇಲ್ಲ. ಬಂದೂಕು ಕೆಳಗಿಟ್ಟರೆ ಸಾಯುತ್ತಾನೆ. ಹಾಗಾಗಿ ಅವನು ಬಿಟ್ಟು ಹೋಗೋದಿಲ್ಲ, ಸಂಬಳ ಜಾಸ್ತಿ ಕೇಳೋದಿಲ್ಲ, ಏನು ಹೇಳಿದರೂ ಮಾಡುತ್ತಾನೆ. ಪರ್ಮನೆಂಟ್ ಪೊಲೀಸ್ ಪೇದೆಗೆ ವರ್ಗಾವಣೆ ಇದೆ, ರಜೆ ಇದೆ, ಹೋಗೋಕೆ ಊರಿದೆ. ಇವನಿಗೆ ಇರೋದು ಕ್ಯಾಂಪ್ ಒಂದೇ. ಆ 1,500 ರೂಪಾಯಿಗೆ ಸರ್ಕಾರ ಖರೀದಿ ಮಾಡಿದ್ದು ಅವನು ಮನೆಗೆ ವಾಪಸ್ ಹೋಗೋ ದಾರಿಯನ್ನು.

24 ಪೀರಿಯಡ್ ಕಾನೂನು

ಸುದರ್ಶನ ರೆಡ್ಡಿ ಮತ್ತು ಸುರಿಂದರ್ ಸಿಂಗ್ ನಿಜ್ಜರ್ ಅವರ ಪೀಠ ತೀರ್ಪು ಕೊಟ್ಟದ್ದು 2011ರ ಜುಲೈ 5ರಂದು. ಪ್ರೊಫೆಸರ್ ನಂದಿನಿ ಸುಂದರ್, ಇತಿಹಾಸಕಾರ ರಾಮಚಂದ್ರ ಗುಹಾ (ಬೆಂಗಳೂರಿನವರೇ), ನಿವೃತ್ತ ಐಎಎಸ್ ಅಧಿಕಾರಿ ಇ.ಎ.ಎಸ್. ಶರ್ಮಾ 2007ರಲ್ಲಿ ಹಾಕಿದ್ದ ಅರ್ಜಿ ಅದು. ತೀರ್ಪಿನ ಮೊದಲ ಪುಟಗಳಲ್ಲಿ ಆರ್ಥಿಕ ನೀತಿಯ ಬಗ್ಗೆ ದೊಡ್ಡ ಭಾಷಣ ಇದೆ. ಟೀಕೆ ಮಾಡಿದವರು ಹಿಡಿದುಕೊಂಡದ್ದು ಅದನ್ನೇ. ಕೋರ್ಟು ಅಷ್ಟು ಭಾಷಣ ಮಾಡಬಾರದಿತ್ತು ಅಂತ ನನಗೂ ಅನ್ನಿಸುತ್ತೆ. ಅದು ಇಲ್ಲದೇ ಇದ್ದಿದ್ದರೆ ಮುಂದಿನ ಪುಟಗಳನ್ನು ಜಾಸ್ತಿ ಜನ ಓದುತ್ತಿದ್ದರೇನೋ. ಯಾಕೆಂದರೆ ತೀರ್ಪಿನ ನಿಜವಾದ ಜೀವ ಇರೋದು ಛತ್ತೀಸ್‌ಗಢ ಸರ್ಕಾರ ತಾನೇ ಸಲ್ಲಿಸಿದ ಪ್ರಮಾಣಪತ್ರಗಳಲ್ಲಿ. ಕೋರ್ಟು ಮಾಡಿದ್ದು ಅವುಗಳನ್ನು ನಿಧಾನವಾಗಿ ಓದಿದ ಕೆಲಸ.

ಹಾಗೆ ಓದಿದರೆ ಏನೇನು ಸಿಗುತ್ತೆ ನೋಡಿ. 2010ರ ಮಾರ್ಚ್‌ನಲ್ಲಿ ಎಸ್‌ಪಿಓಗಳು 3,000 ಇದ್ದರು. ಒಂದು ವರ್ಷದಲ್ಲಿ 6,500 ಆದರು. ಐದನೇ ತರಗತಿ ಪಾಸಾದವರಿಗೆ ಆದ್ಯತೆ. ಆದ್ಯತೆ ಅಷ್ಟೇ, ಅಷ್ಟನ್ನೂ ಓದದವರನ್ನು ಬೇಡ ಅಂದಿಲ್ಲ. ತರಬೇತಿ ಎರಡು ತಿಂಗಳು. ಅದರಲ್ಲಿ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಎಲ್ಲ ಸೇರಿಸಿ 24 ಪೀರಿಯಡ್. ಮಾನವ ಹಕ್ಕು ಮತ್ತು ಸಂವಿಧಾನಕ್ಕೆ 12. ನಾನು ಮೇಷ್ಟ್ರು. ಪೀರಿಯಡ್ ಲೆಕ್ಕ ನನಗೆ ಅರ್ಥ ಆಗುತ್ತೆ. ಹತ್ತನೇ ತರಗತಿಯ ಮಕ್ಕಳಿಗೆ ಸಂವಿಧಾನದ ಒಂದು ಪಾಠ ಮುಗಿಸೋಕೇ ಏಳೆಂಟು ಪೀರಿಯಡ್ ಬೇಕು, ಅದೂ ಅವರ ಮಾತೃಭಾಷೆಯಲ್ಲಿ. ಗೊಂಡಿ, ಕೋಯ ಮಾತಾಡುವ, ಓದು ಬರಹ ನೆಟ್ಟಗೆ ಬಾರದ ಹುಡುಗನಿಗೆ ಆತ್ಮರಕ್ಷಣೆಗೆ ಎಷ್ಟು ಬಲ ಬಳಸಬಹುದು, ಯಾವಾಗ ಗುಂಡು ಹಾರಿಸಬಹುದು ಅನ್ನೋದನ್ನು 24 ತಾಸಿನಲ್ಲಿ ಕಲಿಸಿದರಂತೆ. ಕೋರ್ಟು ಇದನ್ನು ನಂಬಲಿಲ್ಲ. ಯಾವ ಮೇಷ್ಟ್ರೂ ನಂಬೋದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೂ ಅಲ್ಲ. ಈ ಹುಡುಗರನ್ನೇ ಯಾಕೆ ಆರಿಸಿದಿರಿ ಅನ್ನೋದಕ್ಕೆ ಸರ್ಕಾರ ಕೊಟ್ಟ ಕಾರಣ. ಅವರಲ್ಲಿ ಎಷ್ಟೋ ಜನ ನಕ್ಸಲರಿಂದ ತಮ್ಮವರನ್ನು ಕಳೆದುಕೊಂಡವರು, ಹಾಗಾಗಿ ಹೋರಾಡುವ ಮನಸ್ಸು ಅವರಲ್ಲಿದೆ ಅಂತ. ಅಂದರೆ ಅಪ್ಪನನ್ನೋ ಅಣ್ಣನನ್ನೋ ಕಳೆದುಕೊಂಡ ಸಂಕಟವನ್ನೇ ಒಂದು ಅರ್ಹತೆ ಅಂತ ಬರೆದುಕೊಟ್ಟಿದ್ದರು! ಬೇರೆ ಯಾವ ಪೊಲೀಸ್ ನೇಮಕಾತಿಯಲ್ಲಿ ಹೀಗಿದೆ? ನಮ್ಮಲ್ಲಿ ಪಿಎಸ್‌ಐ ಪರೀಕ್ಷೆಗೆ ಕೂತವನು, ಸಾರ್, ನನಗೆ ಆ ಊರಿನವರ ಮೇಲೆ ಸೇಡಿದೆ, ಅಲ್ಲಿಗೇ ಹಾಕಿ ಅಂದರೆ ಮನೆಗೆ ಕಳಿಸುತ್ತಾರೆ. ಸೇಡು ಇರುವವನ ಕೈಗೆ ಬಂದೂಕು ಸಿಗಬಾರದು ಅಂತಲೇ ಅಲ್ವಾ ಪೊಲೀಸ್ ಅನ್ನೋ ವ್ಯವಸ್ಥೆ ಹುಟ್ಟಿದ್ದು? ಇಲ್ಲಿ ಅದನ್ನೇ ತಿರುವುಮುರುವು ಮಾಡಿದ್ದರು.

ಇನ್ನೊಂದು ಲೆಕ್ಕವೂ ಅಲ್ಲಿದೆ. ಅಷ್ಟರಲ್ಲಿ 173 ಎಸ್‌ಪಿಓಗಳು ಸತ್ತಿದ್ದರು. ಒಟ್ಟು ಸಂಖ್ಯೆಗೆ ಹೋಲಿಸಿದರೆ ಇದು ಮಾಮೂಲಿ ಪಡೆಗಳಲ್ಲಿ ಸತ್ತವರ ಪ್ರಮಾಣಕ್ಕಿಂತ ಬಹಳ ಹೆಚ್ಚು ಅಂತ ಕೋರ್ಟು ಲೆಕ್ಕ ಹಾಕಿ ತೋರಿಸಿತು. ದಾರಿ ತೋರಿಸೋಕೆ, ಭಾಷಾಂತರ ಮಾಡೋಕೆ ಮಾತ್ರ ಬಳಸುತ್ತೇವೆ, ಬಂದೂಕು ಬರೀ ಆತ್ಮರಕ್ಷಣೆಗೆ ಅನ್ನೋ ಸರ್ಕಾರದ ಮಾತಿಗೆ ಈ ಸಂಖ್ಯೆಯೇ ಉತ್ತರ. ಅಂವಾ ಮುಂದ ನಡೀತಿದ್ದ ಅಂತ ನನ್ನ ತಮ್ಮ ಒಂದೇ ಮಾತಿನಲ್ಲಿ ಹೇಳಿದ್ದೂ ಅದನ್ನೇ.

ನಕ್ಸಲರು ಮಾಡಿದ್ದು ಕಮ್ಮಿ ಏನು ಅಂತ ಕೆಲವರು ಕೇಳುತ್ತೀರಿ. ಕೇಳಲೇಬೇಕು. 2006ರ ಜುಲೈನಲ್ಲಿ ಎರ್ರಾಬೋರ್ ಶಿಬಿರಕ್ಕೆ ರಾತ್ರಿ ನುಗ್ಗಿ ಮೂವತ್ತರಷ್ಟು ಜನರನ್ನು ಕೊಂದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಸತ್ತವರಲ್ಲಿ ಮಕ್ಕಳಿದ್ದರು. 2007ರ ಮಾರ್ಚ್‌ನಲ್ಲಿ ರಾಣಿಬೋದ್ಲಿ ಪೊಲೀಸ್ ಕ್ಯಾಂಪಿನ ಮೇಲೆ ದಾಳಿ ಮಾಡಿ 55 ಜನರನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಇದೇ ಎಸ್‌ಪಿಓ ಹುಡುಗರು. 2013ರ ಮೇ 25ರಂದು ಝೀರಮ್ ಘಾಟಿಯಲ್ಲಿ ಕಾಂಗ್ರೆಸ್ ಯಾತ್ರೆಯ ಮೇಲೆ ಬಿದ್ದು ಮಹೇಂದ್ರ ಕರ್ಮರನ್ನು ಹುಡುಕಿ ಕೊಂದರು. ಇದಕ್ಕೆಲ್ಲ ಕ್ರಾಂತಿ ಅಂತ ಹೆಸರಿಟ್ಟು ಸಮರ್ಥನೆ ಮಾಡೋರ ಜೊತೆ ನನಗೆ ಮಾತೇ ಬೇಡ. ಆದರೆ ನಕ್ಸಲ ಕೊಂದರೆ ಅದು ಅಪರಾಧ ಅಂತ ಹೇಳೋಕೆ ಒಂದು ಸರ್ಕಾರ ಇದೆ, ಕಾನೂನಿದೆ. ಸರ್ಕಾರವೇ ಸೇಡನ್ನು ಸಂಬಳಕ್ಕಿಟ್ಟುಕೊಂಡರೆ ದೂರು ಕೊಡೋಕೆ ಯಾವ ಠಾಣೆಗೆ ಹೋಗಬೇಕು? ಠಾಣೆಯಲ್ಲಿ ಕೂತಿರೋದೂ ಅದೇ ಹುಡುಗನೇ.

ಬೇರೆ ಕಡೆಯ ಛೋಟೂಗಳು

ಇದನ್ನು ಬಸ್ತರ್‌ನಲ್ಲಿ ಕುಳಿತು ಯಾರೋ ಹೊಸದಾಗಿ ಕಂಡುಹಿಡಿಯಲಿಲ್ಲ. 1960ರ ದಶಕದಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ಜನರಲ್ ಹೋಸೆ ಆಲ್ಬರ್ಟೊ ಮೆದ್ರಾನೋ ಹಳ್ಳಿಗಳಲ್ಲಿ ಓರ್ಡೆನ್ ಅನ್ನೋ ಸಂಘಟನೆ ಕಟ್ಟಿದ. ಬಡ ರೈತರೇ ಸದಸ್ಯರು. ಊರಿನಲ್ಲಿ ಯಾರು ಸಂಘ ಕಟ್ಟುತ್ತಿದ್ದಾರೆ, ಯಾವ ಪಾದ್ರಿ ಏನು ಮಾತಾಡುತ್ತಾನೆ ಅಂತ ಸೈನ್ಯಕ್ಕೆ ತಿಳಿಸೋದು ಅವರ ಕೆಲಸ. 1979ರಲ್ಲಿ ಅದನ್ನು ಅಧಿಕೃತವಾಗಿ ವಿಸರ್ಜನೆ ಮಾಡಿದರು. ಜನ ಎಲ್ಲೂ ಹೋಗಲಿಲ್ಲ, ಕೊಲೆಗಾರ ತಂಡಗಳು ಇನ್ನೂ ಜಾಸ್ತಿಯಾದವು. ಮರುವರ್ಷ ಮಾರ್ಚ್ 24ರಂದು ಆರ್ಚ್‌ಬಿಷಪ್ ರೊಮೆರೋ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡು ಹಾರಿಸಿ ಕೊಂದರು. ಅಂತರ್ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಸತ್ಯ ಆಯೋಗ 22,000 ದೂರು ಪಡೆಯಿತು. ಅವುಗಳಲ್ಲಿ ಶೇ 85ರಷ್ಟು ಸೈನ್ಯ, ಪೊಲೀಸ್, ಅವರ ಜೊತೆಗಿದ್ದ ಖಾಸಗಿ ಪಡೆ ಮತ್ತು ಕೊಲೆಗಾರ ತಂಡಗಳ ಮೇಲಿದ್ದವು. ಗೆರಿಲ್ಲಾಗಳ ಮೇಲಿದ್ದದ್ದು ಶೇ 5ರಷ್ಟು. 1993ರ ಮಾರ್ಚ್‌ನಲ್ಲಿ ವರದಿ ಹೊರಗೆ ಬಂದ ವಾರದೊಳಗೇ ಅಲ್ಲಿನ ಸಂಸತ್ತು ಎಲ್ಲರಿಗೂ ಕ್ಷಮಾದಾನದ ಕಾನೂನು ಮಾಡಿತು. ಅದು ರದ್ದಾಗೋಕೆ 2016 ಬರಬೇಕಾಯಿತು.

ನಮ್ಮ ದೇಶದಲ್ಲೂ ಅಷ್ಟೇ. ಕಾಶ್ಮೀರದಲ್ಲಿ ಇಖ್ವಾನಿಗಳು, ಅಂದರೆ ಶರಣಾಗಿ ಸೈನ್ಯದ ಪರ ಬಂದೂಕು ಹಿಡಿದ ಉಗ್ರರು, ಅಂದರೆ ಇವತ್ತಿಗೂ ಜನ ಮುಖ ತಿರುಗಿಸುತ್ತಾರೆ. ಅಸ್ಸಾಂನಲ್ಲಿ 1998ರಿಂದ 2001ರವರೆಗೆ ಪ್ರತ್ಯೇಕತಾವಾದಿ ಉಲ್ಫಾ ಸಂಘಟನೆಯವರ ಮನೆಯವರನ್ನು ರಾತ್ರಿ ಬಂದು ಕೊಂದುಹೋಗುತ್ತಿದ್ದ 'ಗುಪ್ತ ಹತ್ಯೆ'ಗಳ ಹಿಂದೆ ಶರಣಾದ ಉಲ್ಫಾದವರ ಹೆಸರೇ ಕೇಳಿಬಂತು. ಎಲ್ಲ ಕಡೆ ಹುಡುಕೋದು ಒಂದೇ ಥರದ ಮನುಷ್ಯನನ್ನು. ಮೊದಲು ಆ ಕಡೆ ಇದ್ದವನು, ಇಲ್ಲವೇ ಆ ಕಡೆಯವರಿಂದ ನೋವು ತಿಂದವನು. ಒಟ್ಟಿನಲ್ಲಿ ವಾಪಸ್ ಹೋಗಲು ಆಗದವನು.

ಕರ್ನಾಟಕದ ಮಾತನ್ನೂ ಹೇಳಿಬಿಡುತ್ತೇನೆ. ಬಸ್ತರ್‌ನಲ್ಲಿ ಜುಡುಂ ಶುರುವಾದ ಅದೇ 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಯಿತು. ಬೆನ್ನಿಗೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಕೆಎಸ್‌ಆರ್‌ಪಿ ಪೊಲೀಸರನ್ನು ಕೊಂದರು. ಸಿಟ್ಟಿಗೆ ಇಲ್ಲಿಯೂ ಕಾರಣವಿತ್ತು. ಎಎನ್‌ಎಫ್ (ನಕ್ಸಲ್ ನಿಗ್ರಹ ಪಡೆ) ಬಂತು, ಕೂಂಬಿಂಗ್ ನಡೆಯಿತು, ಎನ್‌ಕೌಂಟರ್‌ಗಳ ಬಗ್ಗೆ ಇವತ್ತಿಗೂ ಪ್ರಶ್ನೆಗಳಿವೆ. ಆದರೆ ಇಲ್ಲಿನ ಆದಿವಾಸಿಗಳಾದ ಮಲೆಕುಡಿಯರ ಹುಡುಗರನ್ನು ಸಾವಿರಗಟ್ಟಲೆ ಸೇರಿಸಿ, ಬಂದೂಕು ಕೊಟ್ಟು, ಪಕ್ಕದ ಮನೆಗೆ ಕಳಿಸುವ ಕೆಲಸ ಇಲ್ಲಿ ಆಗಲಿಲ್ಲ. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಮುಂದೆ ಶರಣಾದರು. ನಮ್ಮಲ್ಲಿ ನಕ್ಸಲರು ಕೈಬೆರಳೆಣಿಕೆ, ಬಸ್ತರ್ ಜೊತೆ ಹೋಲಿಕೆ ಸರಿಯಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಆದರೂ ಶರಣಾಗೋಕೆ ಬಂದವರು ಇಳಿದು ಬರಲು ಊರುಗಳು ಊರುಗಳಾಗಿಯೇ ಉಳಿದಿದ್ದವು ಅನ್ನೋದು ಸಣ್ಣ ವಿಷಯವಲ್ಲ.

ಪರ್ಣಶಾಲೆಯ ದಾರಿಯಲ್ಲಿ

ಭದ್ರಾಚಲಕ್ಕೆ ಹೋದವರು ಪರ್ಣಶಾಲೆ ನೋಡದೆ ಬರೋದಿಲ್ಲ. ಸೀತೆಯ ಅಪಹರಣ ಆದದ್ದು ಅಲ್ಲೇ ಅಂತ ಸ್ಥಳಪುರಾಣ. ಕೆಲವು ವರ್ಷಗಳ ಹಿಂದೆ ಮನೆಯವರ ಜೊತೆ ಹೋಗಿದ್ದೆ. ಮೆಣಸಿನಕಾಯಿ ಕೊಯ್ಲಿನ ಸಮಯ. ರಸ್ತೆಯ ಎರಡೂ ಬದಿ ಹೊಲ ಕೆಂಪಗೆ ಹಾಸಿಕೊಂಡಿತ್ತು, ಗಾಳಿಯಲ್ಲೇ ಘಾಟು. ಟೀ ಕುಡಿಯಲು ನಿಲ್ಲಿಸಿದ ಕಡೆ ಹೊಲದಾಚೆ ಕಾಡಿನ ಅಂಚಿಗೆ ಹೊಸ ಥರದ ಗುಡಿಸಲುಗಳು ಕಂಡವು. ಯಾರವು ಅಂತ ನಮ್ಮ ಡ್ರೈವರ್‌ನನ್ನು ಕೇಳಿದೆ. ಗುತ್ತಿ ಕೋಯಗಳು, ಛತ್ತೀಸ್‌ಗಢದಿಂದ ಓಡಿ ಬಂದವರು, ಮೆಣಸಿನಕಾಯಿ ಬಿಡಿಸೋಕೆ ಈ ಕಡೆ ಅವರೇ ಕೂಲಿ, ಅಂದ. ಅವನ ದನಿಯಲ್ಲಿ ಅಂಥ ಪ್ರೀತಿಯೇನೂ ಇರಲಿಲ್ಲ. ಕಾಡು ಕಡಿಯುತ್ತಾರಮ್ಮಾ ಅಂತಲೂ ಸೇರಿಸಿದ.

ಟೀ ಅಂಗಡಿಯ ಹತ್ತಿರ ಒಬ್ಬ ಹೆಂಗಸು ಮಗುವಿಗೆ ಬನ್ ಕೊಡಿಸುತ್ತಿದ್ದಳು. ನನಗೆ ಬರೋದು ಮುರುಕು ತೆಲುಗು. ಅವಳದ್ದೂ ಅಷ್ಟೇ. ಡ್ರೈವರ್ ನಡುನಡುವೆ ಸಹಾಯ ಮಾಡಿದ. ಕೋಂಟಾ ಆಚೆಯ ಊರಿನವಳು. ಮನೆ ಸುಟ್ಟಾಗ ಅವಳಿಗೆ ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಯಾರು ಸುಟ್ಟರು ಅಂತ ಕೇಳಿದ್ದಕ್ಕೆ, ಜುಡುಂ ಅಂದಳು, ಮಳೆ ಅಂತಲೋ ಪ್ರವಾಹ ಅಂತಲೋ ಹೇಳುವ ಹಾಗೆ. ಆಮೇಲೆ ಅವಳು ಹೇಳಿದ ಒಂದು ವಿಷಯ ಡ್ರೈವರ್‌ಗೂ ಮೊದಲು ಅರ್ಥವಾಗಲಿಲ್ಲ, ಎರಡು ಸಲ ಕೇಳಿದ. ಆ ಜುಡುಂ ಗುಂಪಿನಲ್ಲಿ ಅವಳ ಮೈದುನನೂ ಇದ್ದ. ಅವನೇ ಬೆಂಕಿ ಇಟ್ಟನೋ ಇಲ್ಲವೋ ಅವಳು ನೋಡಿಲ್ಲ, ಆಗಲೇ ಕಾಡಿಗೆ ಓಡಿದ್ದಳು. ಈಗ ಅವನು ಪೊಲೀಸ್ ಅಂತೆ, ಮೋಟರ್ ಸೈಕಲ್ ಇದೆಯಂತೆ. ಮಾತುಕತೆ ಇದೆಯಾ ಅಂದೆ. ಫೋನ್ ಮಾಡುತ್ತಾನೆ, ಅಣ್ಣ ಎತ್ತೋದಿಲ್ಲ ಅಂದಳು. ನಾನು ಎತ್ತುತ್ತೇನೆ ಅಂತಲೂ ಹೇಳಿದಳು. ಅಷ್ಟರಲ್ಲಿ ಮಗು ಬನ್ ಕೆಳಗೆ ಬೀಳಿಸಿ ಅಳಲು ಶುರು ಮಾಡಿತು.

ಊರಿಗೆ ವಾಪಸ್ ಹೋಗಲ್ವಾ ಅಂತ ಕೇಳಿದ್ದು ನಾನಲ್ಲ, ಡ್ರೈವರ್. ಅವನ ಪ್ರಶ್ನೆಯಲ್ಲಿ ಯಾವಾಗ ಖಾಲಿ ಮಾಡುತ್ತೀರಿ ಅನ್ನೋ ಧಾಟಿ ಇತ್ತು. ಹೋದರೆ ದಾದಾಗಳು ಇಷ್ಟು ದಿನ ಎಲ್ಲಿದ್ದೆ ಅಂತ ಕೇಳುತ್ತಾರೆ, ಪೊಲೀಸರೂ ಅದನ್ನೇ ಕೇಳುತ್ತಾರೆ ಅಂತ ಹೇಳಿ ಅವಳು ಮಗುವನ್ನು ಎತ್ತಿಕೊಂಡು ಹೊರಟಳು.

ಹೆಸರು ಬದಲಾದದ್ದು

ತೀರ್ಪು ಬಂದ ತಿಂಗಳೊಳಗೇ ಛತ್ತೀಸ್‌ಗಢ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು, ಆಮೇಲೆ ಕಾಯ್ದೆಯನ್ನೇ ಮಾಡಿತು. ಎಸ್‌ಪಿಓ ಅನ್ನೋ ಹೆಸರು ಹೋಯಿತು, ಸಹಾಯಕ ಸಶಸ್ತ್ರ ಪೊಲೀಸ್ ಪಡೆ ಅನ್ನೋ ಹೆಸರು ಬಂತು. ಬಂದೂಕು ವಾಪಸ್ ತೆಗೆದುಕೊಳ್ಳಿ ಅಂತ ಕೋರ್ಟು ಹೇಳಿದ್ದ ಹುಡುಗರೇ ಅದರಲ್ಲಿ ಸೇರಿದರು. ಮುಂದೆ ಈ ಭಾಗಕ್ಕೆ ಡಿಆರ್‌ಜಿ ಬಂತು, ಡಿಸ್ಟ್ರಿಕ್ಟ್ ರಿಸರ್ವ್ ಗಾರ್ಡ್. ಸ್ಥಳೀಯ ಯುವಕರು, ಶರಣಾದ ನಕ್ಸಲರು. ಈಚಿನ ದೊಡ್ಡ ಕಾರ್ಯಾಚರಣೆಗಳಲ್ಲಿ ಮುಂದೆ ಇರೋದು ಅವರೇ. ಪತ್ರಿಕೆಗಳಲ್ಲಿ ಅವರನ್ನು ಹೊಗಳಿ ಬರೆಯುತ್ತಾರೆ. ಈಗ ಸಂಬಳ ಸರಿಯಾಗಿದೆ, ಯೂನಿಫಾರ್ಮ್ ಇದೆ, ಕೆಲಸ ಕಾಯಂ. ಇದು ಮೊದಲಿಗಿಂತ ವಾಸಿ ಅನ್ನೋದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾರು ಮುಂದೆ ನಡೆಯುತ್ತಾರೆ ಅನ್ನೋದು ಬದಲಾಗಿಲ್ಲ.

2011ರ ಮಾರ್ಚ್‌ನಲ್ಲಿ ಮೋರ್ಪಲ್ಲಿ, ತಿಮಾಪುರಂ, ತಾಡ್ಮೆಟ್ಲ ಅನ್ನೋ ಮೂರು ಊರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿದ್ದರು. ಪರಿಹಾರ ಸಾಮಗ್ರಿ ತೆಗೆದುಕೊಂಡು ಹೊರಟ ಸಾಮಾಜಿಕ ಕಾರ್ಯಕರ್ತ ಸ್ವಾಮಿ ಅಗ್ನಿವೇಶ್ ಅವರ ಮೇಲೆ ದೋರ್ನಪಾಲ್‌ನಲ್ಲಿ ಹಲ್ಲೆಯಾಯಿತು. ನಕ್ಸಲರೇ ಸುಟ್ಟದ್ದು ಅಂತ ಪೊಲೀಸರು ಹೇಳಿದ್ದರು. ಕೋರ್ಟು ತನಿಖೆಯನ್ನು ಸಿಬಿಐಗೆ ಕೊಟ್ಟಿತು. 2016ರ ಅಕ್ಟೋಬರ್‌ನಲ್ಲಿ ಸಿಬಿಐ ಎಸ್‌ಪಿಓಗಳ ಮೇಲೆ ಆರೋಪ ಹೊರಿಸಿತು. ಆಗ ಏನಾಯಿತು ಗೊತ್ತಾ? ಸಹಾಯಕ ಪಡೆಯವರು ಯೂನಿಫಾರ್ಮ್ ಹಾಕಿಕೊಂಡೇ ಬೀದಿಗೆ ಬಂದು ನಂದಿನಿ ಸುಂದರ್, ಮಾನವ ಹಕ್ಕು ಕಾರ್ಯಕರ್ತೆ ಬೇಲಾ ಭಾಟಿಯಾ ಮೊದಲಾದವರ ಪ್ರತಿಕೃತಿ ಸುಟ್ಟರು. ಪೊಲೀಸರು ಪ್ರತಿಕೃತಿ ಸುಡೋದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ. ಆ ಫೋಟೋ ನೋಡಿದಾಗ ನನಗೆ ಅವರ ಮೇಲೆ ಬರೀ ಸಿಟ್ಟು ಬರಲಿಲ್ಲ. ಮೇಲಿನವರು ಹೇಳಿದ್ದನ್ನು ಮಾಡಿದವರು, ಕೇಸು ಬಂದಾಗ ತಾವೊಬ್ಬರೇ ಸಿಕ್ಕಿಬೀಳುತ್ತೇವೆ ಅಂತ ಗೊತ್ತಾದವರ ಗಾಬರಿಯೂ ಅದರಲ್ಲಿತ್ತು. ಪಟ್ಟಿಯಲ್ಲಿ ಹೆಸರು ಬಂದದ್ದು ಕೆಳಗಿನವರದ್ದು. ಗೌರವಧನ ಮಂಜೂರು ಮಾಡಿದವರ ಹೆಸರು ಯಾವ ಆರೋಪ ಪಟ್ಟಿಯಲ್ಲೂ ಇಲ್ಲ.

ಹೊಸ ಕಾಯ್ದೆ ಮಾಡಿದ್ದು ನ್ಯಾಯಾಂಗ ನಿಂದನೆ ಅಂತ ಹಾಕಿದ್ದ ಅರ್ಜಿ 2025ರ ಮೇವರೆಗೂ ಎಳೆಯಿತು. ಅದನ್ನು ಮುಗಿಸಿದ ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಶಾಸನಸಭೆ ಕಾನೂನು ಮಾಡಿದರೆ ಅದೇ ನ್ಯಾಯಾಂಗ ನಿಂದನೆ ಆಗುವುದಿಲ್ಲ, ಕಾನೂನು ತಪ್ಪು ಅನ್ನಿಸಿದರೆ ಅದನ್ನೇ ಬೇರೆಯಾಗಿ ಪ್ರಶ್ನಿಸಬೇಕು ಎಂದರು. ಕಾನೂನಿನ ತರ್ಕ ಅದು, ತಪ್ಪು ಅನ್ನೋಕೆ ನನಗೆ ಅಷ್ಟು ಗೊತ್ತಿಲ್ಲ. ಅಲ್ಲಿನ ಜನರಿಗೆ ಶಾಂತಿ, ಪುನರ್ವಸತಿ ಒದಗಿಸೋದು ರಾಜ್ಯ ಮತ್ತು ಕೇಂದ್ರದ ಹೊಣೆ ಅಂತಲೂ ಹೇಳಿದರು.

ಪುನರ್ವಸತಿ ಅಂದಾಗ ನನಗೆ ಬೇರೊಂದು ಕಾಗದ ನೆನಪಾಗುತ್ತೆ, ಅರಣ್ಯ ಹಕ್ಕು ಕಾಯ್ದೆ. ಆದಿವಾಸಿಗಳು ಉಳುತ್ತಿರುವ ಕಾಡು ಜಮೀನಿಗೆ ಹಕ್ಕುಪತ್ರ ಕೊಡುವ ಕಾನೂನು. ಆ ಜಮೀನು 2005ರ ಡಿಸೆಂಬರ್ 13ಕ್ಕೆ ಮೊದಲೇ ಅವರ ಸ್ವಾಧೀನದಲ್ಲಿರಬೇಕು ಅನ್ನೋದು ಷರತ್ತು. ಜುಡುಂ ಶುರುವಾದದ್ದು ಅದೇ ವರ್ಷದ ಜೂನ್. ಊರುಗಳು ಸುಟ್ಟದ್ದು, ಜನ ಗಡಿ ದಾಟಿದ್ದು ಹೆಚ್ಚಾಗಿ ಅದರ ಮುಂದಿನ ಒಂದೆರಡು ವರ್ಷಗಳಲ್ಲಿ. ಹಾಗಾಗಿ ತೆಲಂಗಾಣದ ಕಾಡಿನಂಚಿನಲ್ಲಿ ಅವರು ಕಡಿದು ಉಳುತ್ತಿರುವ ನೆಲ ಲೆಕ್ಕದಲ್ಲಿ ಒತ್ತುವರಿ. ಅರಣ್ಯ ಇಲಾಖೆಯವರು ಬಂದು ಅದರಲ್ಲಿ ಸಸಿ ನೆಡುತ್ತಾರೆ. 2022ರ ನವೆಂಬರ್‌ನಲ್ಲಿ ಇಂಥದ್ದೇ ಜಗಳದಲ್ಲಿ ಕೊತ್ತಗೂಡೆಂ ಜಿಲ್ಲೆಯ ರೇಂಜ್ ಆಫೀಸರ್ ಒಬ್ಬರನ್ನು ಕೊಂದುಬಿಟ್ಟರು. ಕರ್ತವ್ಯದ ಮೇಲಿದ್ದ ಮನುಷ್ಯ ಅವರು. ಆಮೇಲೆ ಆ ಊರಿನ ಗ್ರಾಮಸಭೆ, ಗುತ್ತಿ ಕೋಯಗಳೆಲ್ಲ ಛತ್ತೀಸ್‌ಗಢಕ್ಕೆ ವಾಪಸ್ ಹೋಗಬೇಕು ಅಂತ ನಿರ್ಣಯ ಮಾಡಿತು. ಕೊಂದವರನ್ನು ಮಾತ್ರ ಅಲ್ಲ, ಎಲ್ಲರನ್ನೂ. ಅತ್ತ ಛತ್ತೀಸ್‌ಗಢದಲ್ಲಿ ಅವರು ಬಿಟ್ಟುಬಂದ ಹೊಲಗಳಲ್ಲಿ ಮರ ಬೆಳೆದಿವೆ. ಅಲ್ಲಿ ಉಳುತ್ತಿದ್ದೆವು ಅಂತ ಈಗ ತೋರಿಸೋಕೆ ಊರೂ ಬೇಕು, ಊರಿನಲ್ಲಿ ಸಾಕ್ಷಿ ಹೇಳೋ ಹಿರಿಯರೂ ಬೇಕು.